ಒಂದೇ ತೋಟಾ ಸಾಕು, ಕಣ್ಣು ಮೊದಲು

ಹಂದಿ ಕಾಟ ಹೆಚ್ಚಿದಂತೆ ನಮ್ಮ ಕಡೆ ಹುಡುಗರು, ‘ಈ ಒಂಟಿ ನಳಿಗೆ ಬಂದೂಕದಿಂದ ಏನಾಗ್ತದೆ? ರೈತರಿಗೂ ರೈಫಲ್ ಕೊಡಲಿ’ ಅಂತಾರೆ. ಇಪ್ಪತ್ತು ವರ್ಷದಿಂದ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದು 12 ಬೋರಿನ ಒಂಟಿ ನಳಿಗೆ ಇಟ್ಟುಕೊಂಡಿರುವ ನನ್ನ ಅಭಿಪ್ರಾಯ ಬೇರೆ.

ಈ ಬಂದೂಕ ಮಡಚಿ ಒಂದೇ ತೋಟಾ ಹಾಕಬೇಕು. ಹೊಡೆದ ಮೇಲೆ ಖಾಲಿ ತೋಟಾ ತೆಗೆದು ಇನ್ನೊಂದು ತುಂಬಬೇಕು. ಅಷ್ಟರಲ್ಲಿ ಹಂದಿ ಹಳ್ಳ ದಾಟಿರ್ತದೆ. ಹುಡುಗರು ಇದನ್ನ ಕೊರತೆ ಅಂತಾರೆ. ನಾನು ಗುಣ ಅಂತೀನಿ. ಇರೋದು ಒಂದೇ ಏಟು ಅಂದ್ರೆ ಮನುಷ್ಯ ನೋಡಿ ಹೊಡೀತಾನೆ.

ಒಂದು ಕಾರ್ತಿಕದ ರಾತ್ರಿ ಕಡ್ಲೆಕಾಯಿ ಹೊಲದ ಅಟ್ಟಣೆ ಮೇಲಿದ್ದೆ. ಬದುವಿನ ಹತ್ತಿರ ಸರಸರ ಸದ್ದಾಯ್ತು, ಕಪ್ಪಗೆ ಏನೋ ಬಗ್ಗಿ ಬರ್ತಿತ್ತು. ಬಂದೂಕ ಎತ್ತಿದೆ. ತಪ್ಪಿದ್ರೆ ಮತ್ತೆ ಸಿಗಲ್ಲ, ಇನ್ನೂ ಹತ್ತಿರ ಬರಲಿ ಅಂತ ಕಾದೆ. ಆಗ ಅದು ಕೆಮ್ಮಿತು! ಪಕ್ಕದ ಹೊಲದವರು. ಬ್ಯಾಟರಿ ಕೆಟ್ಟಿತ್ತಂತೆ, ಕಂಬಳಿ ಹೊದ್ದು ‘ಹಂದಿ ಬಂದವೆ ಕಣಪ್ಪ’ ಅಂತ ಹೇಳೋಕೆ ಬರ್ತಿದ್ರು. ನನ್ನ ಕೈಕಾಲು ತಣ್ಣಗಾದವು. ಆ ವರ್ಷ ಹಂದಿಗಳು ಅರ್ಧ ಎಕರೆ ಉತ್ತು ಹಾಕಿದವು. ಮಾರನೇ ವರ್ಷ ಬೆಳೆ ಮತ್ತೆ ಬಂತು. ಆ ಮನುಷ್ಯ ಹೋಗಿದ್ರೆ ಬರ್ತಿದ್ದನೇ?

ಇನ್ನು ರೈಫಲ್ ವಿಚಾರ. ಅದರ ನಳಿಗೆಯೊಳಗೆ ಸುರುಳಿ ಗೀರು ಇರ್ತವೆ. ಗುಂಡು ಗಿರ್‍ರನೆ ತಿರುಗುತ್ತಾ ಬಹುದೂರ ಹೋಗ್ತದೆ. ಸಣ್ಣ .22 ಗುಂಡೇ ಒಂದು ಮೈಲಿ ದಾಟಬಲ್ಲದು. ನಮ್ಮ ಬಯಲಲ್ಲಿ ಒಂದು ಮೈಲಿಯೊಳಗೆ ಎಷ್ಟು ಅಟ್ಟಣೆ, ಎಷ್ಟು ಕುರಿಹಟ್ಟಿ ಇವೆ, ಲೆಕ್ಕ ಹಾಕಿ. 1959ರ ಆಯುಧ ಕಾಯ್ದೆಯಲ್ಲೂ ಬೆಳೆ ರಕ್ಷಣೆಗೆ ಹೇಳಿರೋದು ಬಾಯಿಯಿಂದ ಮದ್ದು ತುಂಬುವ ಬಂದೂಕ. ಅದು ಸಾಲದಿದ್ರೆ ಗೀರಿಲ್ಲದ ನಳಿಗೆಯ ಬೇರೆ ಬಂದೂಕ. ಹಾಗಂತ ನಮ್ಮ ತೋಟಾ ಆಟದ ಸಾಮಾನಲ್ಲ. ಎಲ್.ಜಿ. ತೋಟಾದ ಒಂದು ಉಂಡೆ ತಗುಲಿದ್ರೂ ಪ್ರಾಣ ಹೋಗಬಹುದು.

ಇನ್ನೊಂದು ಮಾತು. ಬಂದೂಕದ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಕೊಲ್ಲೋ ಹಕ್ಕು ಬರಲ್ಲ. 1972ರ ವನ್ಯಜೀವಿ ಕಾಯ್ದೆಯ 11ನೇ ಕಲಮಿನ ಪ್ರಕಾರ ಬೆಳೆ ಹಾಳು ಮಾಡುವ ಪ್ರಾಣಿಗೂ ಅಧಿಕಾರ ಇರುವ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಹಾಗಾಗಿ ಬಂದೂಕ ಬೆದರಿಸೋಕೆ ಅಂತಲೇ ತಿಳಿಯಿರಿ.

ನಾನು ಪಾಲಿಸೋದು ಇಷ್ಟು: ಸದ್ದಿಗೆ ಹೊಡೆಯಬಾರದು. ಬೆಳಕು ಬಿಟ್ಟು, ಎದುರಿಗಿರೋದನ್ನೂ ಅದರ ಹಿಂದಿರೋದನ್ನೂ ನೋಡಬೇಕು. ಅಟ್ಟಣೆ ಇಳಿಯೋ ಮುಂಚೆ ತೋಟಾ ತೆಗೆದು ಜೇಬಿಗೆ ಹಾಕಬೇಕು. ಕಾವಲಿಗೆ ಯಾರ್ಯಾರು ಎಲ್ಲಿ ಕೂತಿದ್ದಾರೆ ಅಂತ ಸಂಜೆಯೇ ಹೇಳಿಕೊಂಡಿರಬೇಕು.

ಸರ್ಕಾರದ ಮುಂದೆ ಕೇಳೋದಿದ್ರೆ ಬೇಲಿಗೆ ಸಹಾಯ ಕೇಳೋಣ, ಹಾಳಾದ ಬೆಳೆಗೆ ಬೇಗ ಪರಿಹಾರ ಕೇಳೋಣ. ರೈಫಲ್ ಬೇಡ. ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೆ ಪತ್ರಿಕೆಗೆ ಬರೆಯಿರಿ.