ಮುಟ್ಟದೆ ಉರಿ ಗೊತ್ತಾಗಲ್ಲ ಸ್ವಾಮಿ

ಇವತ್ತು ಒಂದು ಡ್ರಿಪ್ ಸೂಜಿಯ ಬಗ್ಗೆ ಬರೀತಿದ್ದೀನಿ. ‘ಇದೂ ಒಂದು ಹೋರಾಟವಾ’ ಅನ್ನೋರು ಕೊನೇತನಕ ಓದಿ.

ನಮ್ಮ ಚಿಕ್ಕವ್ವ ಗುಂಡ್ಲುಪೇಟೆ ಕಡೆ ಅರಿಶಿನದ ಹೊಲದಲ್ಲಿ ಕೂಲಿ ಮಾಡೋಳು. ಎದೆಬಡಿತ ತಾಳ ತಪ್ಪಿ ಆಸ್ಪತ್ರೆಗೆ ಸೇರಿಸಿದ್ವಿ. ಅಮಿಯೋಡರೋನ್ ಡ್ರಿಪ್ ಹಾಕಿದ್ರು. ಆ ಔಷಧಿಯೇ ಅವಳ ಜೀವ ಉಳಿಸ್ತು, ಅದನ್ನ ಮರೆಯಲ್ಲ. ಆದ್ರೆ ಸೂಜಿ ಚುಚ್ಚಿದ್ದು ಮಣಿಕಟ್ಟಿನ ಸಣ್ಣ ನರಕ್ಕೆ. ಎರಡು ಗಂಟೆ ಕಳೆಯೋ ಹೊತ್ತಿಗೆ ‘ಕೈ ಉರಿತದ ಕನ ಮಗ’ ಅಂದಳು. ಹೋಗಿ ಹೇಳಿದೆ. ಬಂದವರು ಮಂಚದಿಂದ ಮಾರು ದೂರ ನಿಂತು ನೋಡಿ, ‘ಕೆಂಪಾಗಿಲ್ವಲ್ಲ, ಏನಾಗಲ್ಲ’ ಅಂದು ಹೊರಟರು. ಸಂಜೆಗೆ ನರ ಹಗ್ಗದಂಗೆ ಗಟ್ಟಿಯಾಗಿತ್ತು. ಒಂದು ತಿಂಗಳು ಆ ಕೈ ಕುಡುಗೋಲು ಹಿಡೀಲಿಲ್ಲ. ಒಂದು ತಿಂಗಳ ಕೂಲಿ ಯಾರು ಕೊಡ್ತಾರೆ?

ಕೆಂಪಾಗಿಲ್ಲವಂತೆ! ನಮ್ಮದು ಕಪ್ಪು ಚರ್ಮ ಸ್ವಾಮಿ. ಬಿಳಿ ತೊಗಲ ಮೇಲೆ ಕಂಡಂಗೆ ಕೆಂಪು ನಮ್ಮ ಮೇಲೆ ಕಾಣಲ್ಲ. ಬಿಸಿ ಇದೆಯಾ, ಗಟ್ಟಿ ಇದೆಯಾ, ಒತ್ತಿದ್ರೆ ನೋವಾ ಅಂತ ಕೈಯಿಟ್ಟು ನೋಡಬೇಕು. ಅಂದ್ರೆ ಮುಟ್ಟಬೇಕು. 2022ರ ನವೆಂಬರ್‌ನಲ್ಲಿ ಇದೇ ಜಿಲ್ಲೆಯ ಹೆಗ್ಗೊಠಾರದಲ್ಲಿ ದಲಿತ ಹೆಣ್ಣುಮಗಳು ನೀರು ಕುಡಿದಳು ಅಂತ ತೊಂಬೆ ಖಾಲಿ ಮಾಡಿ ಗಂಜಲ ಹಾಕಿ ತೊಳೆದ ಊರು ನಮ್ಮದು. ವಾರ್ಡಿನಲ್ಲಿ ದೂರ ನಿಂತವರ ಮನಸ್ಸಲ್ಲಿ ಜಾತಿ ಇತ್ತೋ, ಬರೀ ಸುಸ್ತಿತ್ತೋ, ನಾನು ಒಳಹೊಕ್ಕು ನೋಡಿಲ್ಲ. ಆದ್ರೆ ಮುಟ್ಟದ ಕೈಯಿಂದ ಆದ ಗಾಯ ಒಂದೇ.

ಇದು ತಡೆಯಲಾಗದ ಕರ್ಮ ಅಲ್ಲ. ಈ ಔಷಧಿಗೆ ಹುಳಿ ಗುಣ, ನರದ ಒಳಗೋಡೆಯನ್ನ ಸುಡುತ್ತೆ. ಅದಕ್ಕೇ ನಿಯಮ ಇರೋದು. ಶೇ 5ರ ಗ್ಲೂಕೋಸ್‌ನಲ್ಲಿ ಬೆರೆಸಬೇಕು, ಉಪ್ಪುನೀರಿನ ಸಲೈನ್‌ನಲ್ಲಲ್ಲ. ಒಂದು ಗಂಟೆ ಮೀರಿ ಕೈಯ ನರದಲ್ಲಿ ಹರಿಸೋದಾದ್ರೆ ಮಿಲಿಲೀಟರಿಗೆ 2 ಮಿಲಿಗ್ರಾಂ ದಾಟಬಾರದು. 500 ಮಿಲಿಲೀಟರಿಗೆ 900 ಮಿಲಿಗ್ರಾಂ ಹಾಕಿದ್ರೆ 1.8 ಆಗುತ್ತೆ, ಸರಿ. ಅದಕ್ಕಿಂತ ಗಟ್ಟಿ ಬೇಕಾದ್ರೆ ಎದೆ ಹತ್ತಿರದ ದೊಡ್ಡ ನರಕ್ಕೆ ಸೆಂಟ್ರಲ್ ಲೈನ್. ಕೊಳವೆಯಲ್ಲಿ ಫಿಲ್ಟರ್ ಇರಬೇಕು. ಮಣಿಕಟ್ಟು, ಮೊಣಕೈ ಮಡಿಕೆ ಬಿಟ್ಟು ಮುಂಗೈಯ ದಪ್ಪ ನರ ಹುಡುಕಬೇಕು. ಗಂಟೆಗೊಮ್ಮೆ ಮುಟ್ಟಿ ನೋಡಬೇಕು. ಉರಿ ಅಂದ ತಕ್ಷಣ ಅಲ್ಲಿಂದ ತೆಗೆದು ಇನ್ನೊಂದು ಕೈಗೆ ಹಾಕಬೇಕು. ಆದಷ್ಟು ಬೇಗ ಮಾತ್ರೆಗೆ ಬದಲಿಸಬೇಕು. ಜೀವ ಹೋಗೋ ತುರ್ತಲ್ಲಿ ಸಿಕ್ಕ ನರಕ್ಕೇ ಹಾಕ್ಲಿ, ತಕರಾರಿಲ್ಲ. ತುರ್ತು ಮುಗಿದ ಮೇಲೂ ಅದೇ ನರನಾ?

ನರ್ಸಮ್ಮಂದಿರ ಮೇಲೆ ಕೂಗಾಡೋಕೆ ಇದನ್ನ ಬರೀತಿಲ್ಲ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ, ಗುತ್ತಿಗೆ ಸಂಬಳದಲ್ಲಿ ವಾರ್ಡಿಗೆ ವಾರ್ಡೇ ಹೊರ್ತಾ ಇದ್ದಾರೆ. ಒಬ್ಬಳು ಎಷ್ಟು ಕೈ ಮುಟ್ಟಿ ನೋಡಿಯಾಳು? 2021ರ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಮ್ಲಜನಕ ಇಲ್ಲದೆ ಜನ ಸತ್ತಾಗ ಇಡೀ ದೇಶ ತಿರುಗಿ ನೋಡ್ತು. ನರ ಸುಟ್ಟ ಕೂಲಿಯವಳ ಕೈ ಯಾವ ಪೇಪರಿಗೂ ಬರಲ್ಲ. ನಿರ್ಲಕ್ಷ್ಯ ಮಾತ್ರ ಒಂದೇ ಬೇರಿನದು.

ಆರೋಗ್ಯ ಇಲಾಖೆಗೆ ನಮ್ಮ ಹಕ್ಕೊತ್ತಾಯ ಇಷ್ಟು: ಪ್ರತಿ ತಾಲೂಕು ಆಸ್ಪತ್ರೆಗೂ ಇನ್‌ಫ್ಯೂಷನ್ ಪಂಪು, ಫಿಲ್ಟರು ಕೊಡಿ. ನರ್ಸ್ ಹುದ್ದೆ ಕಾಯಂ ಆಗಿ ತುಂಬಿ. ಸೂಜಿ ಜಾಗ ಮುಟ್ಟಿ ನೋಡಿದ ಹೊತ್ತನ್ನ ಚಾರ್ಟ್‌ನಲ್ಲಿ ಬರೆಸಿ. ಕಪ್ಪು ಚರ್ಮದಲ್ಲಿ ಉರಿಯೂತ ಗುರುತಿಸೋದನ್ನ ಕಲಿಸಿ.

ನಮ್ಮ ಜನಕ್ಕೊಂದು ಮಾತು. ಭಯಬಿದ್ದು ಔಷಧಿ ಬೇಡ ಅನ್ನಬೇಡಿ, ಸೂಜಿಯನ್ನ ನೀವೇ ಕೀಳಬೇಡಿ. ಉರಿದ್ರೆ ‘ದೊಡ್ಡೋರಿಗೆ ತೊಂದರೆ ಯಾಕೆ’ ಅಂತ ಹಲ್ಲುಕಚ್ಚಿ ಸುಮ್ಮನಿರಬೇಡಿ. ಕರೀರಿ. ಬರದಿದ್ರೆ ಮತ್ತೆ ಕರೀರಿ. ‘ಮುಟ್ಟಿ ನೋಡಿ’ ಅಂತ ಬಾಯ್ಬಿಟ್ಟು ಕೇಳಿ. ಬಾಬಾಸಾಹೇಬರು 1927ರಲ್ಲಿ ಮಹಾಡ್ ಕೆರೆಯ ನೀರು ಮುಟ್ಟಿದ್ದು ಬರೀ ದಾಹಕ್ಕಲ್ಲ.

ಜೈಭೀಮ್.