ಒಪ್ಪದವನಿಗೂ ಮನೆಯಲ್ಲಿ ಎಡೆಯಿರಲಿ

ಪಣಕಹಳ್ಳಿಯ ಹಾಗೂ ತಾಳವಾಡಿ ಬೆಟ್ಟಸೀಮೆಯ ಕನ್ನಡ ಬಾಂಧವರಲ್ಲಿ ಈ ಸಲ ನಾವು ಅರಿಕೆ ಮಾಡಬೇಕೆಂದಿರುವ ವಿಷಯವು ಮೇಲುನೋಟಕ್ಕೆ ನಮ್ಮ ಗಡಿಗೂ ನಮ್ಮ ನುಡಿಗೂ ದೂರವಾದುದೆಂದು ತೋರಬಹುದು. ರಾಜಕೀಯ ಪಕ್ಷಗಳು ತಮ್ಮೊಳಗೆ ಇದ್ದುಕೊಂಡೇ ತಮ್ಮೊಡನೆ ಒಪ್ಪದ ಸದಸ್ಯರನ್ನು ಹೇಗೆ ನಡೆಸಿಕೊಳ್ಳುತ್ತವೆ ಎಂಬುದೇ ಆ ವಿಷಯ. ಅದು ಅವರ ಮನೆಯ ಜಗಳ, ನಮಗೇನು ಎಂದು ಕೇಳುವವರು ಉಂಟು. ಅದು ನಮ್ಮ ಹಿತದ ಪ್ರಶ್ನೆಯೂ ಹೌದೆಂದು ತೋರಿಸುವುದೇ ಈ ಬರಹದ ಉದ್ದೇಶ.

ನಮ್ಮ ಈರೋಡು ಜಿಲ್ಲೆಯಲ್ಲಿಯೇ ನಡೆದ ಸಂಗತಿಯೊಂದರಿಂದ ಆರಂಭಿಸುವೆವು. ಶ್ರೀ ಕೆ. ಎ. ಸೆಂಗೋಟ್ಟೈಯನ್ ಅವರು 1977ರಲ್ಲಿ ಸತ್ಯಮಂಗಲ ಕ್ಷೇತ್ರದಿಂದ ಅಣ್ಣಾ ದ್ರಾವಿಡ ಮುನ್ನೇತ್ರ ಕಳಗದ ಪರವಾಗಿ ಮೊದಲ ಸಲ ವಿಧಾನಸಭೆಯನ್ನು ಸೇರಿದರು. ತರುವಾಯ ಗೋಬಿಚೆಟ್ಟಿಪಾಳ್ಯದಿಂದ ಹಲವು ಸಲ ಗೆದ್ದರು, ಮಂತ್ರಿಗಳೂ ಆಗಿದ್ದರು. 2025ರ ಸೆಪ್ಟೆಂಬರ್ 5ರಂದು ಅವರು ಗೋಬಿಚೆಟ್ಟಿಪಾಳ್ಯದಲ್ಲಿ, ಪಕ್ಷದಿಂದ ಹೊರಗಾದವರನ್ನು ಮತ್ತೆ ಒಂದುಗೂಡಿಸಬೇಕೆಂದೂ ಅದಕ್ಕೆ 10 ದಿನಗಳ ಗಡುವೆಂದೂ ಬಹಿರಂಗವಾಗಿ ಹೇಳಿದರು. ಮರುದಿನವೇ ಅವರನ್ನು ಪಕ್ಷದ ಹುದ್ದೆಗಳಿಂದ ತೆಗೆಯಲಾಯಿತು. ಅಕ್ಟೋಬರ್ 30ರಂದು ಉಚ್ಚಾಟಿತ ನಾಯಕರೊಡನೆ ಅವರು ಕಾಣಿಸಿಕೊಂಡರು. ಅಕ್ಟೋಬರ್ 31ರಂದು ಪಕ್ಷವು ಅವರನ್ನು ಸದಸ್ಯತ್ವದಿಂದಲೇ ಹೊರಹಾಕಿತು. ನವೆಂಬರ್ ತಿಂಗಳಲ್ಲಿ ಅವರು ವಿಧಾನಸಭೆಯ ಸ್ಥಾನಕ್ಕೆ ರಾಜೀನಾಮೆಯಿತ್ತು ಬೇರೊಂದು ಪಕ್ಷವನ್ನು ಸೇರಿದರು.

ಅವರು ಕೇಳಿದ್ದು ಸರಿಯೋ ತಪ್ಪೋ ಎಂಬ ತೀರ್ಪನ್ನು ನಾವು ಕೊಡಹೊರಟಿಲ್ಲ. ಗಡುವು ಹಾಕಿ ಮಾತನಾಡಿದುದು ಪಕ್ಷದ ಹಿರಿಯರಿಗೆ ಒರಟಾಗಿ ಕಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಪಕ್ಷದ ಹುಟ್ಟನ್ನು ಬಲ್ಲವರು ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ. 1972ರ ಅಕ್ಟೋಬರ್‌ನಲ್ಲಿ ಶ್ರೀ ಎಂ. ಜಿ. ರಾಮಚಂದ್ರನ್ ಅವರು ತಮ್ಮ ಪಕ್ಷವಾದ ದ್ರಾವಿಡ ಮುನ್ನೇತ್ರ ಕಳಗದ ಲೆಕ್ಕಪತ್ರಗಳನ್ನು ಬಹಿರಂಗವಾಗಿ ಕೇಳಿದರು. ಕೇಳಿದ್ದಕ್ಕೆ ದೊರೆತ ಉತ್ತರವು ಉಚ್ಚಾಟನೆ. ಅದೇ ತಿಂಗಳ 17ರಂದು ಅವರು ಹೊಸ ಪಕ್ಷವನ್ನು ಕಟ್ಟಿದರು. 1977ರಲ್ಲಿ ರಾಜ್ಯವನ್ನೇ ಗೆದ್ದರು. ಹೊರದೂಡಲ್ಪಟ್ಟ ಒಬ್ಬ ಭಿನ್ನಮತೀಯನು ಹುಟ್ಟುಹಾಕಿದ ಪಕ್ಷವೇ ಕಾಲಾಂತರದಲ್ಲಿ ತನ್ನ ಭಿನ್ನಮತೀಯರನ್ನು ಹೊರದೂಡಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಮನೆಗಳಿಗೆ ಮಾತ್ರ ಅನ್ವಯಿಸುವುದಲ್ಲ.

ಇದು ತಮಿಳುನಾಡಿನ ರೋಗ, ಕರ್ನಾಟಕದಲ್ಲಿ ಹೀಗಿಲ್ಲ ಎಂದು ಹೆಮ್ಮೆಪಡುವಂತಿಲ್ಲ. 2025ರ ಮಾರ್ಚ್ 26ರಂದು ಭಾರತೀಯ ಜನತಾ ಪಕ್ಷವು ರಾಜ್ಯದ ನಾಯಕತ್ವವನ್ನು ಟೀಕಿಸುತ್ತಿದ್ದ ಶ್ರೀ ಬಸನಗೌಡ ಪಾಟೀಲ ಯತ್ನಾಳರನ್ನು 6 ವರ್ಷಗಳ ಕಾಲ ಉಚ್ಚಾಟಿಸಿತು. ಅದೇ ವರ್ಷದ ಆಗಸ್ಟ್ 11ರಂದು, ಮತದಾರರ ಪಟ್ಟಿಯ ದೋಷಗಳು ತಮ್ಮ ಸರ್ಕಾರವಿದ್ದಾಗಲೇ ಆದವೆಂಬ ಮಾತನಾಡಿದ ಕಾಂಗ್ರೆಸ್ಸಿನ ಸಹಕಾರ ಸಚಿವ ಶ್ರೀ ಕೆ. ಎನ್. ರಾಜಣ್ಣನವರನ್ನು ಮಂತ್ರಿಮಂಡಲದಿಂದ ಕೈಬಿಡಲಾಯಿತು. ಇಬ್ಬರ ಮಾತಿನ ಧಾಟಿಯೂ ಬೇರೆ, ಕಾರಣಗಳೂ ಬೇರೆ. ಆದರೆ ಯಾವ ಬಣ್ಣದ ಬಾವುಟ ಹಿಡಿದರೂ ಒಪ್ಪದ ಮಾತಿಗೆ ಬಾಗಿಲು ತೋರಿಸುವ ಅಭ್ಯಾಸ ಒಂದೇ.

ಇನ್ನು, ಇದರಿಂದ ಪಣಕಹಳ್ಳಿಗೇನು? ನಾವು ಎಷ್ಟು ಜನ ಎಂಬುದನ್ನು ಮೊದಲು ಲೆಕ್ಕ ಹಾಕಿರಿ. ದಿಂಬಂ ಘಟ್ಟದ 27 ತಿರುವುಗಳ ಮೇಲೆ, ಕಾಡಿನ ನಡುವೆ, ಕೆಲವೇ ಹಳ್ಳಿಗಳಾಗಿ ನಾವಿದ್ದೇವೆ. ಚೆನ್ನೈಯ ಯಾವ ಪಕ್ಷಕ್ಕೂ ನಮ್ಮ ಮತಗಳಿಂದ ಅಧಿಕಾರ ಬರುವುದಿಲ್ಲ, ಹೋಗುವುದೂ ಇಲ್ಲ. ಕನ್ನಡ ಶಾಲೆಗೆ ಕನ್ನಡ ಬಲ್ಲ ಉಪಾಧ್ಯಾಯರು ಬೇಕೆಂಬುದಾಗಲಿ, ಆನೆ ತುಳಿದ ಬೆಳೆಗೆ ತಕ್ಕ ಪರಿಹಾರ ಬೇಕೆಂಬುದಾಗಲಿ, 2022ರಲ್ಲಿ ಘಟ್ಟದ ದಾರಿಯಲ್ಲಿ ರಾತ್ರಿಯ ಸಂಚಾರಕ್ಕೆ ನಿರ್ಬಂಧ ಬಂದಾಗ ಕೇಳಬೇಕಾಗಿದ್ದ ನಮ್ಮ ಅಹವಾಲಾಗಲಿ, ಯಾವ ದೊಡ್ಡ ಪಕ್ಷದ ಬಹುಮತದ ನಿರ್ಣಯವಾಗಿಯೂ ತಾನಾಗಿ ಹುಟ್ಟುವುದಿಲ್ಲ. ಅಂಥ ಮಾತು ಸಭೆಯನ್ನು ಮುಟ್ಟಬೇಕಾದರೆ, ನನ್ನ ಪಕ್ಷ ಇದನ್ನು ಹೇಳಿಲ್ಲ, ಆದರೂ ನಾನು ಹೇಳುತ್ತೇನೆ ಎಂದು ಎದ್ದು ನಿಲ್ಲುವ ಒಬ್ಬ ಸದಸ್ಯ ಬೇಕು. ಆ ಒಬ್ಬನ ನಾಲಿಗೆಯೇ ನಮ್ಮ ನಾಲಿಗೆ. ಪಕ್ಷವು ಅವನ ಬಾಯಿ ಕಟ್ಟಿದರೆ ಕಟ್ಟಿದ್ದು ನಮ್ಮ ಬಾಯಿಯನ್ನು.

ಈ ಮಾತಿಗೆ ಏಕೀಕರಣದ ಇತಿಹಾಸವೇ ಸಾಕ್ಷಿ. 1953ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಆಂಧ್ರ ರಾಜ್ಯಕ್ಕೆ ಒಪ್ಪಿತು. ಕರ್ನಾಟಕದ ಮಾತನ್ನು ಮುಂದೂಡಿತು. ಆಗ ಮುಂಬಯಿ ಶಾಸನಸಭೆಯಲ್ಲಿದ್ದ ಜಕ್ಕಲಿಯ ಶ್ರೀ ಅಂದಾನಪ್ಪ ದೊಡ್ಡಮೇಟಿಯವರು, ಕಾಂಗ್ರೆಸ್ಸಿನ ಹಿರಿಯರಾಗಿದ್ದೂ, ತಮ್ಮ ಸ್ಥಾನಕ್ಕೆ ರಾಜೀನಾಮೆಯಿತ್ತು ಜಕ್ಕಲಿಯಲ್ಲಿ ಉಪವಾಸ ಕುಳಿತರು. ಅದರಗುಂಚಿಯಲ್ಲಿಯೂ ಉಪವಾಸ ನಡೆಯಿತು. ಹುಬ್ಬಳ್ಳಿ ಹೊತ್ತಿ ಉರಿಯಿತು. ಶ್ರೀ ಕೆ. ಆರ್. ಕಾರಂತರ ಮುಂದಾಳುತನದಲ್ಲಿ ಅಖಂಡ ಕರ್ನಾಟಕ ರಾಜ್ಯ ನಿರ್ಮಾಣ ಪರಿಷತ್ತು ಎದ್ದು ನಿಂತಿತು. ಪಕ್ಷದ ಕಣ್ಣಿಗೆ ಅಶಿಸ್ತಾಗಿ ಕಂಡುದೇ ನಾಡಿನ ಕಣ್ಣಿಗೆ ಕರ್ತವ್ಯವಾಗಿ ಕಂಡಿತು. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದುವು, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರಿಗೆ ಸೇರಿತು, ತಾಳವಾಡಿ ಹೊರಗುಳಿಯಿತು. ಎಲ್ಲರೂ ಪಕ್ಷದ ಆಜ್ಞೆಗೆ ತಲೆಬಾಗಿ ಸುಮ್ಮನಿದ್ದಿದ್ದರೆ ಅಷ್ಟಾದರೂ ಎಂದು ಆಗುತ್ತಿತ್ತೆಂದು ಹೇಳಬಲ್ಲವರಾರು?

ಅಂದಿನ ಸದಸ್ಯನಿಗೆ ಇದ್ದ ಒಂದು ಸ್ವಾತಂತ್ರ್ಯ ಇಂದಿನವನಿಗೆ ಇಲ್ಲ. 1985ರಲ್ಲಿ ಸಂವಿಧಾನದ 52ನೆಯ ತಿದ್ದುಪಡಿಯಿಂದ ಹತ್ತನೆಯ ಅನುಸೂಚಿ ಬಂದಿತು. ಅದರಂತೆ ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತವಿತ್ತ, ಅಥವಾ ಮತವೀಯದೆ ದೂರ ಉಳಿದ ಸದಸ್ಯನನ್ನು ಪಕ್ಷವು 15 ದಿನಗಳೊಳಗೆ ಮನ್ನಿಸದಿದ್ದರೆ ಅವನ ಸ್ಥಾನವೇ ಹೋಗಬಹುದು. ಸರ್ಕಾರದ ಅಳಿವು ಉಳಿವಿನ ಮತಕ್ಕೆ ಮಾತ್ರವೇ ಇದು ಅನ್ವಯಿಸುವುದಿಲ್ಲ. ಯಾವುದೇ ಮಸೂದೆಗೂ ಅನ್ವಯಿಸಬಲ್ಲದು. ಪಕ್ಷದಿಂದ ಉಚ್ಚಾಟಿತನಾದವನಿಗಾದರೂ ಬಿಡುಗಡೆಯುಂಟೇ? ಅದೂ ಇಲ್ಲ. ತಮಿಳುನಾಡಿನ ವಿಧಾನಸಭೆಯಿಂದ ಹೋದ ಜಿ. ವಿಶ್ವನಾಥನ್ ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಉಚ್ಚಾಟಿತನಾದರೂ ಸದಸ್ಯನು ತನ್ನನ್ನು ನಿಲ್ಲಿಸಿದ ಪಕ್ಷಕ್ಕೇ ಸೇರಿದವನೆಂದು ಎಣಿಸಬೇಕೆಂದು ಹೇಳಿತು. ಮನೆಯಿಂದ ಹೊರದಬ್ಬಿದ ಮೇಲೂ ಕೊರಳ ಹಗ್ಗ ಯಜಮಾನನ ಕೈಯಲ್ಲಿಯೇ! ಇನ್ನೊಂದು ವಿಚಿತ್ರವನ್ನೂ ನೋಡಿರಿ. ಮೂರರಲ್ಲಿ ಎರಡು ಪಾಲು ಸದಸ್ಯರು ಒಟ್ಟಾಗಿ ಬೇರೆ ಪಕ್ಷದೊಡನೆ ವಿಲೀನಕ್ಕೆ ಒಪ್ಪಿದರೆ ಅವರಿಗೆ ರಕ್ಷಣೆಯುಂಟು. ಒಬ್ಬಂಟಿಯಾಗಿ ಮನಸ್ಸಾಕ್ಷಿಯನ್ನು ಕೇಳಿದವನಿಗೆ ಶಿಕ್ಷೆ. ಗುಂಪಿಗೆ ಕ್ಷಮೆ, ಒಬ್ಬನಿಗೆ ದಂಡ.

ಎದುರು ವಾದವನ್ನು ನಾವು ಮರೆಮಾಚುವುದಿಲ್ಲ. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಸದಸ್ಯರು ಹದಿನೈದು ದಿನಗಳಲ್ಲಿ ಮೂರು ಸಲ ಪಕ್ಷ ಬದಲಿಸಿದರು. 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಆ ಅನರ್ಹತೆಯನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಮಾತ್ರ ಅವಕಾಶವಿತ್ತಿತು. ಅವರಲ್ಲಿ ಹಲವರು ಎದುರು ಪಕ್ಷದಿಂದ ಗೆದ್ದು ಮಂತ್ರಿಗಳಾದರು. ಮತದಾರನು ಕೊಟ್ಟ ಮತವನ್ನು ಸಂತೆಯ ದನದಂತೆ ಮಾರಲು ಬಿಡಬಾರದೆಂಬ ಮಾತು ನ್ಯಾಯವಾದುದೇ. ಆದರೆ ಮಾರುವವನನ್ನು ತಡೆಯಲು ಹೆಣೆದ ಬಲೆಯಲ್ಲಿ ಮಾತನಾಡುವವನೂ ಸಿಕ್ಕಿಬೀಳಬೇಕೆ? ಇಬ್ಬರನ್ನೂ ಬೇರೆಮಾಡುವ ಒರೆಗಲ್ಲು ಕಷ್ಟದ್ದಲ್ಲ. ದೊಡ್ಡಮೇಟಿಯವರೂ ಸ್ಥಾನ ಬಿಟ್ಟರು. ಬಿಟ್ಟು ಹೋದದ್ದು ಉಪವಾಸದ ಚಾಪೆಗೆ. ಬಿಟ್ಟವನು ಏನನ್ನು ಪಡೆದನೆಂದು ಕೇಳಿರಿ, ಉತ್ತರ ತಾನೇ ಬರುತ್ತದೆ. 1990ರಲ್ಲಿ ದಿನೇಶ ಗೋಸ್ವಾಮಿ ಸಮಿತಿಯೂ ಮತದ ವಿಷಯದಲ್ಲಿ ಈ ಶಿಕ್ಷೆಯನ್ನು ವಿಶ್ವಾಸ ಅವಿಶ್ವಾಸಗಳ ಪ್ರಸಂಗಕ್ಕೆ ಸೀಮಿತಗೊಳಿಸಬೇಕೆಂದು ಸಲಹೆಯಿತ್ತಿತ್ತು. ಆ ಸಲಹೆ ಕಾನೂನಾಗಿಲ್ಲ.

ಪಕ್ಷವೆಂಬುದು ಮನುಷ್ಯರು ತಾವಾಗಿ ಕೂಡಿ ಕಟ್ಟಿದ ಸಂಘ. ತನ್ನ ಮೂಲತತ್ತ್ವಕ್ಕೇ ಎದುರಾದವನನ್ನು ಹೊರಗೆ ಕಳುಹಿಸುವ ಹಕ್ಕು ಅದಕ್ಕೆ ಉಂಟು. ಬಲವಂತದಿಂದ ಯಾರನ್ನೂ ಕೂಡಿಡಲಾಗದು. ಆದರೆ ತತ್ತ್ವ ಯಾವುದು, ನಾಯಕನ ಇಷ್ಟಾನಿಷ್ಟ ಯಾವುದು ಎಂಬ ಎಲ್ಲೆಯನ್ನು ಮೊದಲೇ ಎಳೆಯಬೇಕು. ಇದನ್ನು ಮಾಡಿದವರು ಇಲ್ಲವೆಂದಲ್ಲ. ಕನ್ನಡ ಸೀಮೆಯ ಅಂಚಿನಲ್ಲಿರುವ ಹೊಸೂರಿನ ಬಳಿಯ ತೊರಪ್ಪಳ್ಳಿಯಲ್ಲಿ ಹುಟ್ಟಿದ ರಾಜಾಜಿಯವರು 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದಾಗ ಅದರ ತತ್ತ್ವಗಳು 21. ಕಡೆಯದು ಏನೆಂದರೆ, ಮೇಲೆ ಹೇಳಿದವುಗಳ ವ್ಯಾಪ್ತಿಗೆ ಬಾರದ ಎಲ್ಲ ವಿಷಯಗಳಲ್ಲಿ ಸದಸ್ಯರಿಗೆ ಪೂರ್ಣ ಸ್ವಾತಂತ್ರ್ಯ. ಆ ಪಕ್ಷ 1974ರಲ್ಲಿ ಬೇರೊಂದರಲ್ಲಿ ಕರಗಿಹೋಯಿತು. ಅದರ ಆರ್ಥಿಕ ಮತವನ್ನು ಒಪ್ಪದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಆ ಒಂದು ನಿಯಮವನ್ನು ಎಲ್ಲ ಪಕ್ಷಗಳೂ ಎರವಲು ಪಡೆಯಲಿ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ಹೀಗಿರಲು, ಮತ ಕೇಳಲು ಘಟ್ಟ ಹತ್ತಿ ಬರುವ ಅಭ್ಯರ್ಥಿಗಳಿಗೆ ನೀವು ಹಾಕಬೇಕಾದ ಪ್ರಶ್ನೆ ಒಂದುಂಟು. ನಮ್ಮ ಶಾಲೆಯ ಮಾತು ಬಂದಾಗ ನಿಮ್ಮ ಪಕ್ಷ ಸುಮ್ಮನಿದ್ದರೆ ನೀವೂ ಸುಮ್ಮನಿರುವಿರೋ, ಮಾತನಾಡುವಿರೋ? ಮಾತನಾಡಿದರೆ ನಿಮ್ಮ ಪಕ್ಷ ನಿಮ್ಮನ್ನು ಉಳಿಸಿಕೊಳ್ಳುವುದೋ? ಗ್ರಾಮ ಪಂಚಾಯಿತಿಯ ಅಧ್ಯಕ್ಷನನ್ನು ನೀವು ಪಕ್ಷದ ಚಿಹ್ನೆಯಿಲ್ಲದೆ ಆರಿಸುತ್ತೀರಿ. ಅಲ್ಲಿ ಮನುಷ್ಯನನ್ನು ನೋಡಿ ಮತ ಹಾಕುವ ವಿವೇಕ ನಿಮಗಿದೆ. ಅದೇ ವಿವೇಕವನ್ನು ದೊಡ್ಡ ಚುನಾವಣೆಯಲ್ಲಿಯೂ ತೋರಿಸಿರಿ.

ಕಡೆಯದಾಗಿ, ಅನ್ಯರಿಗೆ ಹೇಳಿದ ಬುದ್ಧಿಯನ್ನು ನಾವೂ ಕೇಳತಕ್ಕದ್ದು. ನಮ್ಮ ಹಳ್ಳಿಗಳಲ್ಲಿಯೂ ಬಹಿಷ್ಕಾರವೆಂಬ ಕೆಟ್ಟ ಪದ್ಧತಿ ಇತ್ತು. ಒಪ್ಪದವನ ಮನೆಗೆ ಬೆಂಕಿ ನೀರು ನಿಲ್ಲಿಸಿದ ಕಾಲವುಂಟು. ಅದೇ ಬುದ್ಧಿ ಸಮಿತಿಗಳಲ್ಲಿಯೂ ನುಸುಳಬಲ್ಲದು. ನಮ್ಮ ನೆರೆಹೊರೆಯಲ್ಲಿ, ಗಡಿ ಇದ್ದಲ್ಲಿಯೇ ಇರಲಿ, ಶಾಲೆಯೂ ರಸ್ತೆಯೂ ಚೆನ್ನಾಗಿದ್ದರೆ ಸಾಕು ಎನ್ನುವ ಕನ್ನಡಿಗರಿದ್ದಾರೆ. ಅವರ ಮಾತನ್ನು ನಾವು ಒಪ್ಪುವುದಿಲ್ಲ. ಆದರೆ ಅವರನ್ನು ನಾಡದ್ರೋಹಿಗಳೆಂದು ಕರೆಯುವವನು ನಮ್ಮವನಲ್ಲ. ಅವರು ನಮ್ಮ ಸಭೆಗೆ ಬರಲಿ, ಎದ್ದು ನಿಂತು ಅಲ್ಲವೆನ್ನಲಿ. ನಾವು ಕುಳಿತು ಕೇಳುವೆವು, ಮತ್ತೆ ನಮ್ಮ ವಾದವನ್ನು ಹೇಳುವೆವು. ಒಪ್ಪದವನಿಗೆ ಎಡೆಯಿಲ್ಲದ ಮನೆಯಲ್ಲಿ ಒಪ್ಪಿದವನ ಒಪ್ಪಿಗೆಗೂ ಬೆಲೆಯಿಲ್ಲ.