ಸುಳ್ಳು ಠಸ್ಸೆ ನಮ್ಮ ಕೈಯಲ್ಲೇ ನಿಲ್ಲಲಿ

ಆಬರ್ನ್ ಹಿಲ್ಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಸಾರಿನ ಪುಡಿ ಡಬ್ಬಗಳ ಪಕ್ಕ, ಒಂದು ಬೆಳ್ಳಿ ರೂಪಾಯಿ ಇದೆ. ಅದಕ್ಕೆ ನಾವು ನಾಲ್ಕು ಜನ ಸೇರಿ ಕೊಟ್ಟಿದ್ದು 95 ಡಾಲರು. ಅದರ ನಿಜವಾದ ಬೆಲೆ ಅದಕ್ಕಿಂತ ತುಂಬ ಕಡಿಮೆ. ಮಿಕ್ಕಿದ್ದೆಲ್ಲ ನಾವು ಕಟ್ಟಿದ ಫೀಸು ಅಂತ ಈಗ ತಮಾಷೆ ಮಾಡ್ತೀವಿ. ಆದರೆ ಅವತ್ತು ತಮಾಷೆ ಅನಿಸಿರಲಿಲ್ಲ.

ಆಗಿದ್ದು ಇಷ್ಟು. ನಾವು ಈ ದೇಶಕ್ಕೆ ಬಂದ ಮೊದಲ ದಿನ ಡೆಟ್ರಾಯಿಟ್ ವಿಮಾನ ನಿಲ್ದಾಣಕ್ಕೆ ಕಾರು ತಂದು, ಮನೆ ಸಿಗುವ ತನಕ ತಮ್ಮಲ್ಲೇ ಇಟ್ಟುಕೊಂಡು ಅನ್ನ ಹಾಕಿದ ಒಬ್ಬ ಅಂಕಲ್–ಆಂಟಿ ಇದ್ದಾರೆ. ಕಳೆದ ಚಳಿಗಾಲದಲ್ಲಿ ಅಂಕಲ್‌ಗೆ ಅರವತ್ತು ತುಂಬಿತು. ಅವರಿಗೆ ಹಳೇ ನಾಣ್ಯದ ಹುಚ್ಚು. ಹಾಗಾಗಿ ಒಂದು ಸಣ್ಣ ನಾಣ್ಯ ಮೇಳಕ್ಕೆ ಹೋದೆವು. ಒಂದು ಟೇಬಲ್ಲಿನಲ್ಲಿ ಆರನೇ ಜಾರ್ಜ್ ದೊರೆಯ ರೂಪಾಯಿ ಕಾಣಿಸಿತು. ಅದರ ಮೇಲೆ ಅರಬ್ಬೀ ಅಕ್ಷರದ ಒಂದು ಪುಟ್ಟ ಠಸ್ಸೆ. ಪಕ್ಕದ ಚೀಟಿಯಲ್ಲಿ ಬರೆದಿತ್ತು: ಹಿಜಾಜ್ ರಾಜ್ಯದ ಮುದ್ರೆ, ಹಜ್ ಯಾತ್ರಿಕರ ಜತೆ ಮೆಕ್ಕಾ ತಲುಪಿದ ನಾಣ್ಯ. ಭಾರತದ ರೂಪಾಯಿ, ಸಮುದ್ರ ದಾಟಿದ ಕಥೆ, ನಮ್ಮ ಹಾಗೇ ಊರು ಬಿಟ್ಟು ಬಂದದ್ದು! ನಮಗೆ ಅಷ್ಟು ಸಾಕಾಯಿತು.

ಎಂಜಿನಿಯರುಗಳಲ್ವಾ, ಪರೀಕ್ಷೆ ಮಾಡದೆ ಬಿಡಲಿಲ್ಲ. ಮನೆಗೆ ತಂದು ಫ್ರಿಜ್ಜಿನ ಆಯಸ್ಕಾಂತ ಹಿಡಿದೆವು, ಅಂಟಲಿಲ್ಲ. ಲ್ಯಾಬಿನ ತಕ್ಕಡಿಯಲ್ಲಿ ತೂಗಿದೆವು, 11.6 ಗ್ರಾಂ ಬಂತು. ಬ್ರಿಟಿಷರ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಸ್ವಲ್ಪ ಸವೆದಿದೆ, ಸರಿ. ಪಾಸ್ ಅಂದುಕೊಂಡು ಮಲಗಿದೆವು.

ಮಾರನೇ ದಿನ ಉಡುಗೊರೆಯ ಕಾರ್ಡಿನಲ್ಲಿ ನಾಣ್ಯದ ಬಗ್ಗೆ ಎರಡು ಸಾಲು ಬರೆಯೋಣ ಅಂತ ಕೂತೆವು. ಹಿಜಾಜ್ ರಾಜ್ಯ ಯಾವಾಗಿನದು? ಶರೀಫ್ ಹುಸೇನ್ 1916ರಲ್ಲಿ ದೊರೆಯಾದ. 1925ರಲ್ಲಿ ಇಬ್ನ್ ಸೌದ್ ಅದನ್ನು ಗೆದ್ದುಕೊಂಡ. 1932ರಲ್ಲಿ ಸೌದಿ ಅರೇಬಿಯಾ ಅನ್ನುವ ಹೆಸರು ಬಂತು. ನಮ್ಮ ರೂಪಾಯಿಯ ಮೇಲಿನ ಇಸವಿ ಯಾವುದು? 1940. ಇಲ್ಲದ ರಾಜ್ಯವೊಂದು, ತಾನು ಮುಳುಗಿದ ಹದಿನೈದು ವರ್ಷಕ್ಕೆ ಟಂಕಿಸಿದ ನಾಣ್ಯದ ಮೇಲೆ ಮುದ್ರೆ ಒತ್ತಿತ್ತು! ತಕ್ಕಡಿ, ಆಯಸ್ಕಾಂತ ಎಲ್ಲ ಹುಡುಕಿದ ನಾವು ಕ್ಯಾಲೆಂಡರ್ ನೋಡಿರಲಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಅಜ್ಜಿ ಹೇಳ್ತಿದ್ದದ್ದು ಆಗ ನೆನಪಾಯಿತು.

ಇನ್ನೂ ಒಂದಿತ್ತು. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಉಳಿದದ್ದು ತಾಮ್ರ, ನಿಕ್ಕಲ್, ಸತು. ಅದಕ್ಕೆ ಮುಂಚೆ ನೂರಕ್ಕೆ 91.7 ಪಾಲು ಬೆಳ್ಳಿ. ತೂಕ ಮಾತ್ರ ಎರಡಕ್ಕೂ ಒಂದೇ. ನೀರಿನಲ್ಲಿ ಮುಳುಗಿಸಿ ಸಾಂದ್ರತೆ ನೋಡಿದ್ದರೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಹಳೇ ಬೆಳ್ಳಿಗೆ ಸುಮಾರು 10.3 ಬರಬೇಕು, ಅರ್ಧ ಬೆಳ್ಳಿಗೆ ಸುಮಾರು 9.5. ಆದರೂ ಒಂದು ಮಾತು ನೆನಪಿಡಬೇಕು. ನಮ್ಮ ನಾಣ್ಯ ನಕಲಿಯಲ್ಲ. ಅದು ಟಂಕಸಾಲೆಯಿಂದ ಬಂದ ಅಪ್ಪಟ 1940ರ ರೂಪಾಯಿ. ಸುಳ್ಳು ಇರೋದು ಅದರ ಮೇಲೆ ಆಮೇಲೆ ಯಾರೋ ಒತ್ತಿದ ಆ ಪುಟ್ಟ ಠಸ್ಸೆಯಲ್ಲಿ ಮಾತ್ರ. ಈ ಮೋಸ ಇಷ್ಟು ಸುಲಭವಾಗೋದೇ ಅದಕ್ಕೆ. ಲೋಹ ಅಸಲಿ, ತೂಕ ಅಸಲಿ, ಕಥೆ ಒಂದೇ ನಕಲಿ.

ಹಾಗಾದರೆ ನಾಣ್ಯದ ಮೇಲೆ ಠಸ್ಸೆ ಯಾಕೆ ಒತ್ತುತ್ತಿದ್ದರು? ಮೂಲದಲ್ಲಿ ಇದು ನಂಬಿಕೆಯ ವ್ಯವಹಾರ. ಕನ್ನಡ ಪೇಪರುಗಳಲ್ಲಿ ಚಿನ್ನ–ಬೆಳ್ಳಿ ದರ ಇವತ್ತಿಗೂ ‘ಚಿನಿವಾರ ಪೇಟೆ’ ಅನ್ನುವ ಹೆಸರಿನಲ್ಲಿ ಬರುತ್ತದೆ. ಚಿನಿವಾರರು, ಸರಾಫರು ಅಂದರೆ ನಾಣ್ಯವನ್ನು ಪರೀಕ್ಷಿಸಿ ಬೆಲೆ ಕಟ್ಟುವವರು. ಹಳೇ ರೂಪಾಯಿಗಳ ಮೇಲೆ ಪುಟ್ಟ ಹೂವು, ಚುಕ್ಕಿ, ನಕ್ಷತ್ರದಂಥ ಗುರುತುಗಳು ಸಿಗುತ್ತವಲ್ಲ, ಅವು ಅವರ ಕೈಗುರುತು. ‘ನಾನು ನೋಡಿದ್ದೇನೆ, ಬೆಳ್ಳಿ ಸರಿಯಿದೆ’ ಅಂತ ಒಬ್ಬ ಮನುಷ್ಯ ಜವಾಬು ಹೊತ್ತು ಹೇಳಿದ ಮಾತು ಅದು.

ಚೀನಾದಲ್ಲೂ ಇದೇ ಪದ್ಧತಿ. ಅಮೆರಿಕ 1873ರಲ್ಲಿ ಏಷ್ಯಾದ ವ್ಯಾಪಾರಕ್ಕೆಂದೇ ‘ಟ್ರೇಡ್ ಡಾಲರ್’ ಟಂಕಿಸಿತು. 420 ಗ್ರೇನ್ ತೂಕ, ಅಂದರೆ ಸುಮಾರು 27.2 ಗ್ರಾಂ, ನೂರಕ್ಕೆ 90 ಪಾಲು ಬೆಳ್ಳಿ. ಚೀನಾದ ವರ್ತಕರು ಅದನ್ನು ಪರೀಕ್ಷಿಸಿ ತಮ್ಮ ಅಕ್ಷರದ ಠಸ್ಸೆ ಒತ್ತುತ್ತಿದ್ದರು. 1887ರಲ್ಲಿ ಅಮೆರಿಕ ಸರ್ಕಾರ ಟ್ರೇಡ್ ಡಾಲರುಗಳನ್ನು ವಾಪಸ್ ತಗೊಂಡಾಗ ಇಂಥ ಗಾಯಗೊಂಡ ನಾಣ್ಯಗಳಿಗೆ ದುಡ್ಡು ಕೊಡಲಿಲ್ಲ. ಎಷ್ಟೋ ಕಾಲ ಸಂಗ್ರಾಹಕರೂ ಅವನ್ನು ಕೆಟ್ಟುಹೋದ ನಾಣ್ಯ ಅಂತಲೇ ನೋಡಿದರು. ಈಗ ಅದೇ ಗಾಯವನ್ನು ಹುಡುಕಿಕೊಂಡು ಬರುವವರಿದ್ದಾರೆ. ಗಾಯಕ್ಕೆ ಬೆಲೆ ಬಂದ ಮೇಲೆ ಹೊಸ ಗಾಯ ಮಾಡುವವರೂ ಬಂದರು. ಒಂದು ಉಕ್ಕಿನ ಅಚ್ಚು, ಒಂದು ಸುತ್ತಿಗೆ ಇದ್ದರೆ ಆಯಿತು. ಇನ್ನೂ ಕಿಲಾಡಿಗಳು ಪೂರ್ತಿ ನಕಲಿ ಟ್ರೇಡ್ ಡಾಲರ್ ಮಾಡಿ, ಅದರ ಮೇಲೆ ಚೀನೀ ಠಸ್ಸೆಯನ್ನೂ ಒತ್ತುತ್ತಾರೆ. ‘ಆ ಕಾಲದ ವರ್ತಕನೇ ಪರೀಕ್ಷೆ ಮಾಡಿದ್ದಾನೆ ನೋಡಿ’ ಅಂತ ನಮ್ಮನ್ನು ನಂಬಿಸಲು.

ಆದ್ದರಿಂದ ನಾಣ್ಯ ಕೊಳ್ಳುವ ಆಸೆ ಇರುವ ಗೆಳೆಯರಿಗೆ ನಮ್ಮ ಅನುಭವದಿಂದ ನಾಲ್ಕು ಮಾತು.

ಮೊದಲು ಇಸವಿ ನೋಡಿ. ಠಸ್ಸೆ ಒತ್ತಿದ ಕಾಲಕ್ಕಿಂತ ನಾಣ್ಯ ಚಿಕ್ಕದಾಗಿರಬಾರದು. ಕೆಲವು ಸಲ ಇದು ನಾಣ್ಯದ ಮೇಲಿನ ಅಂಕಿಯಿಂದಲೂ ತಿಳಿಯುವುದಿಲ್ಲ. ಮರಿಯಾ ತೆರೇಸಾ ಥಾಲರ್ ಅಂತ ಒಂದು ದೊಡ್ಡ ಬೆಳ್ಳಿ ನಾಣ್ಯವಿದೆ. ಆಸ್ಟ್ರಿಯದ ಆ ರಾಣಿ 1780ರಲ್ಲಿ ತೀರಿಕೊಂಡಳು. ಕೆಂಪು ಸಮುದ್ರದ ಸುತ್ತಲ ವ್ಯಾಪಾರಿಗಳು ಅದನ್ನೇ ಕೇಳುತ್ತಿದ್ದರಿಂದ ಅದೇ 1780ರ ಇಸವಿ ಹಾಕಿ ಮುಂದೆಯೂ ಟಂಕಿಸುತ್ತಲೇ ಹೋದರು. 1940–41ರಲ್ಲಿ ನಮ್ಮ ಬಾಂಬೆ ಟಂಕಸಾಲೆಯಲ್ಲೂ ಟಂಕಿಸಿದ್ದಾರೆ. ಅಂಥ ಬಾಂಬೆ ಥಾಲರಿನ ಮೇಲೆ ಹಿಜಾಜ್ ಠಸ್ಸೆ ಕಂಡರೆ ನಮ್ಮ ರೂಪಾಯಿಯ ಕಥೆಯೇ ಅಲ್ಲೂ. ಯಾವ ಟಂಕಸಾಲೆಯದು ಅಂತ ಗುರುತಿಸಲು ಅಚ್ಚಿನ ಸೂಕ್ಷ್ಮ ವ್ಯತ್ಯಾಸ ಬಲ್ಲವರು ಬೇಕು. ಅಂದಹಾಗೆ, ಬೆಳ್ಳಿ ನಾಣ್ಯದ ಮೇಲಿನ ಹಿಜಾಜ್, ನಜ್ದ್ ಠಸ್ಸೆಗಳನ್ನು ಬಲ್ಲವರು ಮೊದಲಿನಿಂದಲೂ ಅನುಮಾನದಿಂದಲೇ ನೋಡುತ್ತಾರೆ.

ಎರಡನೆಯದು, ಸವೆತ ಹೋಲಿಸಿ. ನಿಜವಾದ ಠಸ್ಸೆ ಒತ್ತಿಸಿಕೊಂಡ ಮೇಲೂ ನಾಣ್ಯ ಕೈಯಿಂದ ಕೈಗೆ ಓಡಾಡಿರುತ್ತದೆ. ಹಾಗಾಗಿ ಠಸ್ಸೆಯ ಅಂಚೂ ಸವೆದಿರಬೇಕು, ಒಳಗೂ ಹಳೇ ಕಪ್ಪು ಕೂತಿರಬೇಕು. ನಾಣ್ಯವೆಲ್ಲ ನುಣ್ಣಗಾಗಿ ಠಸ್ಸೆ ಮಾತ್ರ ಚೂಪಾಗಿ ಹೊಳೆಯುತ್ತಿದ್ದರೆ ಅನುಮಾನಪಡಿ. ಭೂತಗನ್ನಡಿಯಲ್ಲಿ ಮತ್ತೆ ನೋಡಿದಾಗ ನಮ್ಮದೂ ಹಾಗೇ ಇತ್ತು.

ಮೂರನೆಯದು, ಠಸ್ಸೆಗೆ ಮುಂಚೆ ನಾಣ್ಯವನ್ನು ಪರೀಕ್ಷಿಸಿ. ತೂಕ, ಅಳತೆ, ಆಯಸ್ಕಾಂತ, ಸಾಂದ್ರತೆ ಎಲ್ಲ ನೋಡಿ. ನಾಣ್ಯವೇ ಸುಳ್ಳಾದರೆ ಅದರ ಮೇಲಿನ ಠಸ್ಸೆಯ ಮಾತೇ ಬೇಡ. ನಾಣ್ಯ ಸರಿಯಿದ್ದರೂ ಠಸ್ಸೆ ಸರಿ ಅಂತ ಅರ್ಥವಲ್ಲ. ಠಸ್ಸೆಯನ್ನು ಬಲ್ಲವರು ಒಪ್ಪುವ ತನಕ ಬರೀ ನಾಣ್ಯದ ಬೆಲೆಯಷ್ಟೇ ಕೊಡಿ. ವಾಪಸ್ ತಗೋತೀವಿ ಅಂತ ಬರೆದುಕೊಡದವರ ಹತ್ತಿರ ಕೊಳ್ಳಬೇಡಿ.

ನಾಲ್ಕನೆಯದು, ಬಲ್ಲವರನ್ನು ಕೇಳಿ. ನಾವಿರುವುದು ಅದಕ್ಕೆ ಒಳ್ಳೇ ಜಾಗ. ಅಮೆರಿಕದ ನಾಣ್ಯ ಸಂಘ 1891ರಲ್ಲಿ ಹುಟ್ಟಿದ್ದು ಶಿಕಾಗೋದಲ್ಲಿ. ಅದಕ್ಕೆ ಕಾರಣರಾದ ಡಾಕ್ಟರ್ ಜಾರ್ಜ್ ಹೀತ್ ಡೆಟ್ರಾಯಿಟ್ ಕೆಳಗಿನ ಮನ್ರೋ ಊರಿನವರು. ಸಂಘದ ದೊಡ್ಡ ಮೇಳ ಶಿಕಾಗೋ ಪಕ್ಕದ ರೋಸ್‌ಮಾಂಟ್‌ನಲ್ಲಿ ಹಲವು ಸಲ ನಡೆದಿದೆ. ಹಾಗಂತ ‘ಇಲ್ಲಿ ಮೋಸ ಹೋಗೋದಕ್ಕಿಂತ ಊರಿಂದ ತಾತನ ಬೆಳ್ಳಿ ರೂಪಾಯಿ ತಂದುಬಿಡೋಣ’ ಅಂತ ಸೂಟ್‌ಕೇಸಿಗೆ ಹಾಕಬೇಡಿ. ಭಾರತದ 1972ರ ಪ್ರಾಚೀನ ವಸ್ತುಗಳ ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚೀನ ವಸ್ತುವೇ. ಅದನ್ನು ನಾವು ನೀವು ದೇಶದ ಹೊರಗೆ ತರುವ ಹಾಗಿಲ್ಲ.

ಇಷ್ಟೆಲ್ಲ ಎಚ್ಚರಿಕೆ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನಾವು ಇದನ್ನು ಬರೆಯಲು ಕಾರಣ ಬೇರೆ. ಸತ್ಯ ಗೊತ್ತಾದ ರಾತ್ರಿ ನಮ್ಮೊಳಗೇ ಒಂದು ಜಗಳ ಆಯಿತು. ಒಬ್ಬ ಅಂದ, “ಲೋ ಮಗಾ, ಆ ಚೀಟಿ ಹಾಗೇ ಇಟ್ಟು ಆನ್‌ಲೈನ್‌ನಲ್ಲಿ ಮಾರಿಬಿಡೋಣ. ನಮ್ಗೆ ಯಾರು ಹೇಳಿದ್ರು? ನಾವ್ಯಾಕೆ ಹೇಳ್ಬೇಕು?” ಇನ್ನೊಬ್ಬ ಅಂದ, “ಅಂಕಲ್‌ಗೇ ಕೊಟ್ಟುಬಿಡೋಣ. ಅವರಿಗೇನು ಗೊತ್ತಾಗಲ್ಲ, ಪ್ರೀತಿ ಮುಖ್ಯ.” ನಾಚಿಕೆ ಬಿಟ್ಟು ಹೇಳಬೇಕೆಂದರೆ, ಅರ್ಧ ಗಂಟೆ ನಾಲ್ವರಿಗೂ ಅದು ಸರಿ ಅಂತಲೇ ಕಂಡಿತ್ತು. ತಿಂಗಳ ಕೊನೆ, ಅಸಿಸ್ಟೆಂಟ್‌ಶಿಪ್ ದುಡ್ಡು ಮುಗಿದಿತ್ತು, 95 ಡಾಲರ್ ಚಿಕ್ಕ ಮೊತ್ತವಲ್ಲ.

ಆದರೆ ಸ್ವಲ್ಪ ಯೋಚನೆ ಮಾಡಿದರೆ, ಆ ನಾಣ್ಯ ನಮ್ಮ ಕೈಗೆ ಬಂದದ್ದೂ ಹೀಗೇ ಇರಬೇಕು. ಠಸ್ಸೆ ಒತ್ತಿದವನು ಒಬ್ಬನೇ. ಆಮೇಲೆ ಎಷ್ಟು ಜನ ಕೊಂಡರೋ, ಎಷ್ಟು ಜನಕ್ಕೆ ಸತ್ಯ ತಿಳಿಯಿತೋ, ಎಷ್ಟು ಜನ ‘ನನ್ನ ದುಡ್ಡು ನನಗೆ ಬಂದರೆ ಸಾಕು’ ಅಂತ ಮುಂದಕ್ಕೆ ದಾಟಿಸಿದರೋ. ನಮಗೆ ಮಾರಿದವರಿಗೂ ತಿಳಿದಿತ್ತೋ ಇಲ್ಲವೋ, ಹೇಳಲಾರೆವು. ನಮಗಂತೂ ಈಗ ತಿಳಿದಿದೆ. ತಿಳಿದ ಮೇಲೆ ಮಾರಿದರೆ ಆ ಠಸ್ಸೆಯನ್ನು ನಾವೇ ಇನ್ನೊಂದು ಸಲ ಒತ್ತಿದ ಹಾಗೆ. ಸರಾಫ ತನ್ನ ಗುರುತು ಒತ್ತಿ ಜವಾಬು ಹೊರುತ್ತಿದ್ದ. ಸುಮ್ಮನೆ ದಾಟಿಸುವವನು ಯಾವ ಜವಾಬೂ ಹೊರದೆ ಅದೇ ಗುರುತಿನ ಬೆಲೆ ತಿನ್ನುತ್ತಾನೆ.

ಅಮೆರಿಕದಲ್ಲಿ 1973ರಿಂದ ನಕಲು ನಾಣ್ಯದ ಮೇಲೆ ‘ಕಾಪಿ’ ಅಂತ ಒತ್ತಲೇಬೇಕು ಅನ್ನುವ ಕಾಯಿದೆ ಇದೆ. 2014ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ, ಹಾಗೆ ಒತ್ತದ ನಕಲನ್ನು ಮಾರುವವರನ್ನೂ ಅದರೊಳಗೆ ತಂದರು. ಆದರೆ ಅಸಲಿ ನಾಣ್ಯದ ಮೇಲೆ ಸುಳ್ಳು ಠಸ್ಸೆ ಒತ್ತುವವನು ಪಕ್ಕದಲ್ಲೇ ‘ಕಾಪಿ’ ಅಂತ ಯಾಕೆ ಒತ್ತುತ್ತಾನೆ? ಅಲ್ಲಿ ಉಳಿಯೋದು ಕೊಂಡವರ ಬಾಯಿ ಮಾತ್ರ. ಗೊತ್ತಾದವರು ಹೇಳಿದರೆ ಸುಳ್ಳು ಅಲ್ಲಿಗೆ ನಿಲ್ಲುತ್ತದೆ, ಇಲ್ಲಾಂದ್ರೆ ಮುಂದಿನವರಿಗೆ ಹೋಗುತ್ತದೆ.

ಕೊನೆಗೆ ಅಂಕಲ್‌ಗೆ ಒಂದು ಸ್ವೆಟರ್ ಕೊಟ್ಟೆವು, ಜತೆಗೆ ನಡೆದದ್ದನ್ನೆಲ್ಲ ಹೇಳಿದೆವು. ಅವರು ರೂಪಾಯಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಮಾತ್ರ ಯಾರಿಗೂ ಮಾರ್ಬೇಡ್ರಪ್ಪಾ” ಅಂದರು. ಮಾರಲಿಲ್ಲ. ಹಳೇ ಚೀಟಿ ಹರಿದು, ‘ನಾಣ್ಯ ಅಸಲಿ, ಠಸ್ಸೆ ಸುಳ್ಳು, 1940’ ಅಂತ ಹೊಸ ಚೀಟಿ ಬರೆದು ಇಟ್ಟಿದ್ದೇವೆ. ಈ ಸಲ ಹೊಸದಾಗಿ ಬಂದ ಜೂನಿಯರುಗಳು ನಾಣ್ಯ ಕೊಳ್ಳುವ ಮುಂಚೆ ಒಮ್ಮೆ ನಮ್ಮ ಮನೆಗೆ ಬನ್ನಿ. ಕಾಫಿ ಕೊಡ್ತೀವಿ, ಭೂತಗನ್ನಡಿನೂ ಕೊಡ್ತೀವಿ. ನಿಜವಾದ ಠಸ್ಸೆ ಹೇಗಿರುತ್ತೆ ಅಂತ ಹೇಳುವಷ್ಟು ನಾವು ಕಲಿತಿಲ್ಲ. ಸುಳ್ಳು ಠಸ್ಸೆ ಹೇಗಿರುತ್ತೆ ಅಂತ ಮಾತ್ರ ಚೆನ್ನಾಗಿ ತೋರಿಸಬಲ್ಲೆವು.